ಬಾಣಂತಿ ಕೋಣೆಯ ಬ್ರಾಂದಿ

ಸೂಳೆಕೆರೆ ಏರಿಯ ಕೆಳಗೆ, ಅಡಿಕೆ ತೋಟಗಳ ನಡುವಿನ ಒಂದು ಮನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ಮೊಮ್ಮಗಳು, ಬಾಣಂತನ ಮಾಡುತ್ತಿರುವ ಅಜ್ಜಿ, ಮನೆಭೇಟಿಗೆ ಬಂದ ಆರೋಗ್ಯ ಕೇಂದ್ರದ ಸಿಸ್ಟರ್ ಇಲ್ಲಿ ಮಾತಾಡುತ್ತಾರೆ. ಹೆತ್ತವಳಿಗೆ ಬ್ರಾಂದಿ ಕುಡಿಸುವುದು ಈ ಒಂದು ಮನೆಯ ಸುದ್ದಿಯಲ್ಲ. ಕರ್ನಾಟಕದ ಎಷ್ಟೋ ಊರುಗಳಲ್ಲಿ ನಡೆದುಕೊಂಡು ಬಂದದ್ದು. ಹೊರಗೆ ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಅಜ್ಜಿ: ಬಾರವ್ವಾ, ಒಳಗೇ ಬಾ. ಮಗು ಈಗ ತಾನೇ ಮಲಗೈತೆ.

ಸಿಸ್ಟರ್: ಮಲಗಲಿ ಬಿಡಿ ಅಜ್ಜಿ, ಎದ್ದ ಮೇಲೆ ತೂಕ ನೋಡ್ತೀನಿ. ಅದೇನದು, ಬಾಣಂತಿ ಖಾರದ ಡಬ್ಬಿ ಹಿಂದೆ ಬಾಟ್ಲಿ?

ಅಜ್ಜಿ: ಅದಾ? ಔಷಧಿ ಕಣವ್ವ. ಬ್ರಾಂದಿ. ರಾತ್ರಿ ಉಂಡ ಮೇಲೆ ಒಂದು ಗುಟುಕು, ಬಿಸಿನೀರಿಗೆ ಹಾಕಿ ಕೊಡ್ತೀನಿ. ಹಸಿ ಬಾಣಂತಿ, ಮೈಗೆ ಶೀತ ಹೊಕ್ಕಿಬಿಟ್ರೆ? ಸನ್ನಿ ಹಿಡಿದ್ರೆ ಯಾರವ್ವ ಹೊಣೆ? ನಮ್ಮವ್ವ ನಂಗೆ ಕೊಟ್ಟಿದ್ಲು, ನಾನು ಇವಳ ಅವ್ವಂಗೆ ಕೊಟ್ಟೆ. ಆಗೆಲ್ಲ ಸಾರಾಯಿ ಸಿಗ್ತಿತ್ತು. ಅದು ಬಂದ್ ಆದ ಮೇಲೆ ಬ್ರಾಂದಿ.

ಸಿಸ್ಟರ್: ಸಾರಾಯಿ ನಿಂತಿದ್ದು 2007ರ ಜುಲೈನಲ್ಲಿ. ಅಂಗಡಿ ಮುಚ್ಚಿತು, ಬಾಣಂತಿ ಕೋಣೆಗೆ ಬರೋದು ಮಾತ್ರ ನಿಲ್ಲಲಿಲ್ಲ. ಅಜ್ಜಿ, ಒಂದು ಗುಟುಕು ಅಂದ್ರಲ್ಲ, ಎಷ್ಟು ಅಂತ ಒಂದ್ಸಲ ತೋರಿಸ್ತೀರಾ? ಬ್ರಾಂದಿ ಬೇಡ, ನೀರೇ ಹಾಕಿ. ದಿನಾ ಹಾಕೋ ಲೋಟಕ್ಕೆ, ದಿನಾ ಹಾಕೋವಷ್ಟೇ.

ಅಜ್ಜಿ: ಇಕಾ, ಇಷ್ಟು. ತಳ ಮುಚ್ಚಿದ ಮೇಲೆ ಇನ್ನೊಂಚೂರು.

ಸಿಸ್ಟರ್: ಈಗ ಇದನ್ನ ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೀತೀನಿ. ಗೀಟಿನವರೆಗೆ ಹಾಕಿದ್ರೆ ಹತ್ತು ಎಂ.ಎಲ್. ಒಂದು... ಎರಡು... ಮೂರು... ನಾಲ್ಕು... ಐದು... ನೋಡಿ, ಆರನೇದೂ ತುಂಬ್ತು. ಅರವತ್ತು ಎಂ.ಎಲ್. ಬಾರಿನಲ್ಲಿ ಇದನ್ನ ಲಾರ್ಜ್ ಅಂತಾರೆ.

ಅಜ್ಜಿ: ಅಯ್ ಶಿವನೇ, ಅಷ್ಟಾಗುತ್ತಾ!

ಸಿಸ್ಟರ್: ಲೋಟದ ತಳ ಅಗಲ, ಕಣ್ಣಿಗೆ ಗೊತ್ತಾಗಲ್ಲ. ಬಾಟ್ಲಿ ಮೇಲೆ 42.8 ಅಂತ ಅಚ್ಚು ಹಾಕಿದ್ದಾರೆ ನೋಡಿ. ನೂರು ಪಾಲಲ್ಲಿ ಅಷ್ಟು ಪಾಲು ಮದ್ಯಸಾರ ಅಂತ ಅರ್ಥ. ಅರವತ್ತು ಎಂ.ಎಲ್. ಅಂದ್ರೆ ಹೆಚ್ಚುಕಡಿಮೆ ಇಪ್ಪತ್ತು ಗ್ರಾಂ ಮದ್ಯಸಾರ. ನಿಮ್ಮ ಮೊಮ್ಮಗಳ ತೂಕ ತಾಯಿ ಕಾರ್ಡ್‌ನಲ್ಲಿದೆ, ಐವತ್ತು ಕೆ.ಜಿ. ಕೆನಡಾದ ಟೊರೊಂಟೊದ ವೈದ್ಯರು 2001ರಲ್ಲಿ ತಾಯಿ ತೂಕ ಎಷ್ಟಿದ್ರೆ, ಎಷ್ಟು ಕುಡಿದ್ರೆ, ಎಷ್ಟು ಹೊತ್ತಿಗೆ ಹಾಲಿಂದ ಮದ್ಯ ಹೋಗುತ್ತೆ ಅಂತ ಒಂದು ಪಟ್ಟಿ ಮಾಡಿದ್ರು. ಅದರ ಲೆಕ್ಕದಲ್ಲಿ ಇಷ್ಟು ತೂಕದವಳಿಗೆ ಈ ಲೋಟ ಇಳಿಯೋಕೆ ನಾಲ್ಕು ಗಂಟೆ ಹತ್ತಿರ ಬೇಕು. ಮಗು ಎಷ್ಟು ಹೊತ್ತಿಗೊಮ್ಮೆ ಹಾಲು ಕೇಳುತ್ತೆ?

ಬಾಣಂತಿ: ಎರಡು ಗಂಟೆಗೊಮ್ಮೆ ಸಿಸ್ಟರ್. ರಾತ್ರಿ ಒಂದೊಂದ್ಸಲ ಗಂಟೆಗೇ ಏಳ್ತಾನೆ.

ಸಿಸ್ಟರ್: ಅಲ್ಲೇ ಇರೋದು ವಿಷಯ. ಹಸಿಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುತ್ತೆ. ಕಾಯೋಕೆ ನಡುವೆ ಜಾಗವೇ ಇಲ್ಲ. ಒಂಬತ್ತಕ್ಕೆ ಬ್ರಾಂದಿ ಕೊಟ್ರೆ ಹತ್ತರ ಹಾಲಲ್ಲೂ ಇರುತ್ತೆ, ಹನ್ನೆರಡರ ಹಾಲಲ್ಲೂ ಇರುತ್ತೆ. ಉಂಡ ಮೇಲೆ ಕುಡಿದ್ರೆ ಒಂದು, ಒಂದೂವರೆ ಗಂಟೆ ಹೊತ್ತಿಗೆ ಹಾಲಲ್ಲಿ ಅತಿ ಹೆಚ್ಚು. ಬರೀ ಹೊಟ್ಟೇಲಾದ್ರೆ ಇನ್ನೂ ಬೇಗ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ.

ಅಜ್ಜಿ: ನೀನು ಹಿಂಗೆ ಹೇಳ್ತೀಯ ಅಂತ ಗೊತ್ತಿದ್ದೇ, ಕೊಟ್ಟ ಮೇಲೆ ಮೊದಲ್ನೇ ಹಾಲು ಹಿಂಡಿ ಚೆಲ್ಲಿಸ್ತೀನವ್ವ.

ಸಿಸ್ಟರ್: ಚೆಲ್ಲಿದ್ರೆ ಏನೂ ಆಗಲ್ಲ ಅಜ್ಜಿ. ಏರಿ ಕೆಳಗಿನ ತೋಟದ ಬಾವಿ ನೋಡಿಲ್ವಾ ನೀವು? ಕೆರೆ ತುಂಬಿರೋವಾಗ ಆ ಬಾವೀನ ಮೋಟರಿಟ್ಟು ಬರಿದು ಮಾಡಿ, ಬೆಳಗ್ಗೆ ಮತ್ತೆ ಅಷ್ಟೇ ನೀರು. ಕೆರೆ ಇಳಿದ್ರೆ ತಾನೇ ಬಾವಿ ಇಳಿಯೋದು? ತಾಯಿ ರಕ್ತ ಕೆರೆ, ಎದೆಹಾಲು ಬಾವಿ. ರಕ್ತದಲ್ಲಿ ಮದ್ಯ ಇರೋವರೆಗೂ ಹೊಸದಾಗಿ ಬರೋ ಹಾಲಿಗೂ ಸೇರುತ್ತೆ. ರಕ್ತದಿಂದ ಹೋದಾಗ ಹಾಲಿಂದಲೂ ತಾನಾಗೇ ಹೋಗುತ್ತೆ, ಹಿಂಡಬೇಕಾಗಿಲ್ಲ. ಎದೆ ಬಿಗಿದು ನೋವಾದ್ರೆ ಹಿಂಡಿ ಚೆಲ್ಲಲಿ, ಅದು ಅವಳ ನೋವಿಗೆ. ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವುದ್ರಿಂದಲೂ ಅದು ಬೇಗ ಇಳಿಯಲ್ಲ.

ಬಾಣಂತಿ: ಹಂಗಾದ್ರೆ ಇಷ್ಟು ದಿನ ಮಗುಗೆ ಏನೇನು ಹೋಗಿರಬೇಕೋ! ಅವನಿಗೆ ಏನಾದ್ರೂ ಆಗಿದೆಯಾ ಸಿಸ್ಟರ್?

ಸಿಸ್ಟರ್: ಹೆದರಬೇಡಮ್ಮ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ತಾಯಿ ಕುಡಿದದ್ದರಲ್ಲಿ ಹಾಲಿಗೆ ಬರೋದು ಬಹಳ ಕಡಿಮೆ. ತೂಕಕ್ಕೆ ತೂಕ ಇಟ್ಟು ನೋಡಿದ್ರೆ ನೂರಕ್ಕೆ ಐದಾರು ಪಾಲು. ಮಗು ಚೆನ್ನಾಗಿ ಚೀಪ್ತಾ ಇದೆ, ಉಚ್ಚೆ ಹೊಯ್ತಾ ಇದೆ, ಮೈಬಣ್ಣ ಚೆನ್ನಾಗಿದೆ. ಆದ್ರೆ ಅದರ ಲಿವರ್ ಇನ್ನೂ ಬಲಿತಿಲ್ಲ. ನಮ್ಮ ಮೈ ಸುಟ್ಟು ಹಾಕೋ ವೇಗದಲ್ಲಿ ಅದಕ್ಕೆ ಆಗಲ್ಲ. ದಿನಾ ಹನಿಹನಿಯಾಗಿ ಹೋಗ್ತಾ ಇರೋದು ಯಾಕೆ ಬೇಕು? ಇವತ್ತಿಂದ ನಿಲ್ಲಿಸೋಣ. ಹಾಲು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡ. ಬ್ರಾಂದಿ ಕುಡಿದೆ ಅಂತ ಹೆದರಿ ಡಬ್ಬಿ ಹಾಲಿಗೆ ಬಿದ್ದವರನ್ನ ನೋಡಿದ್ದೀನಿ. ಅದು ಇನ್ನೂ ದೊಡ್ಡ ನಷ್ಟ.

ಅಜ್ಜಿ: ಮತ್ತೆ ಶೀತಕ್ಕೆ ಏನವ್ವ ಮಾಡೋದು? ಬ್ರಾಂದಿ ಕುಡಿದ ತಕ್ಷಣ ಮೈ ಬಿಸಿ ಆಗೋದು ಸುಳ್ಳಾ?

ಸಿಸ್ಟರ್: ಬಿಸಿ ಅನ್ಸೋದು ನಿಜ. ಚರ್ಮದ ಕೆಳಗಿನ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಎಲ್ಲ ಚರ್ಮಕ್ಕೆ ಬರುತ್ತೆ. ಮುಖ ಕೆಂಪಾಗುತ್ತೆ, ಬೆಚ್ಚಗಾಯ್ತು ಅನ್ಸುತ್ತೆ. ಹಾಗೆ ಬಂದ ಬಿಸಿ ಹೊರಗೆ ಹೋಗಿಬಿಡುತ್ತೆ, ಒಳಗಿನ ಮೈ ತಣ್ಣಗಾಗುತ್ತೆ. ನೀವು ಬೆಚ್ಚಗಿಡೋಕೆ ಕೊಡೋದು ಮೈಯ ಬಿಸೀನೇ ಕಳೀತಾ ಇದೆ. ಇನ್ನು ಸನ್ನಿ. ಹಿಂದಿನವರು ಬಾಣಂತಿ ಸನ್ನಿ ಅಂತಿದ್ದದ್ದು ಕೆಲವ್ರಿಗೆ ಹೆರಿಗೆ ನಂಜಿನ ಜ್ವರ, ಕೆಲವ್ರಿಗೆ ಹೆರಿಗೆ ಆದ ಮೇಲೆ ಬರೋ ಮನಸ್ಸಿನ ಕಾಯಿಲೆ. ಎರಡೂ ನಿಜವಾದ ಕಾಯಿಲೆಗಳು, ನಿಮ್ಮ ಭಯ ಸುಳ್ಳಲ್ಲ. ಎರಡನ್ನೂ ಬ್ರಾಂದಿ ತಡೆಯಲ್ಲ. ಜ್ವರ ಬಂದ್ರೆ, ಕೆಟ್ಟ ವಾಸನೆ ಹೋದ್ರೆ, ಸಂಬಂಧ ಇಲ್ಲದ ಮಾತಾಡಿದ್ರೆ, ನಿದ್ದೇನೇ ಇಲ್ಲದೆ ಓಡಾಡಿದ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ.

ಅಜ್ಜಿ: ಹಾಲು ಜಾಸ್ತಿ ಆಗುತ್ತೆ ಅಂತಾನೂ ಅಂತಾರಲ್ಲ?

ಬಾಣಂತಿ: ಫೋನಲ್ಲೂ ನೋಡಿದೆ ಸಿಸ್ಟರ್, ಬಿಯರ್ ಕುಡಿದ್ರೆ ಹಾಲು ಬರುತ್ತಂತೆ.

ಸಿಸ್ಟರ್: ಈ ನಂಬಿಕೆ ನಮ್ಮ ಊರಿಂದು ಮಾತ್ರ ಅಲ್ಲ. ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಬಿಯರ್ ಕಂಪನಿಯವರೇ ಬಾಣಂತಿಯರಿಗೆ ಅಂತ ಮಾಲ್ಟ್ ಬಾಟ್ಲಿ ಮಾರ್ತಿದ್ರು. ಕೊನೆಗೆ ಅದೇ ದೇಶದಲ್ಲಿ ಫಿಲಡೆಲ್ಫಿಯಾದ ಜೂಲಿ ಮೆನ್ನೆಲ್ಲಾ ಅನ್ನೋ ವಿಜ್ಞಾನಿ, ನಿಜಾನಾ ಅಂತ ಪರೀಕ್ಷೆ ಮಾಡಿದ್ರು. 1991ರಲ್ಲಿ. ಹಾಲುಣಿಸೋ ಹನ್ನೆರಡು ತಾಯಂದಿರಿಗೆ ಒಂದು ದಿನ ಬರೀ ಕಿತ್ತಳೆ ರಸ, ಇನ್ನೊಂದು ದಿನ ಅದಕ್ಕೆ ಸ್ವಲ್ಪ ಮದ್ಯ ಬೆರೆಸಿ ಕೊಟ್ರು. ನಿಮ್ಮ ಲೋಟದಷ್ಟೂ ಅಲ್ಲ, ಅದಕ್ಕಿಂತ ಕಡಿಮೆ. ಹಾಲಿನ ವಾಸನೆ ಬದಲಾಯ್ತು, ಮೂಗಿಗೆ ಗೊತ್ತಾಗೋ ಹಾಗೆ. ಮದ್ಯ ಕುಡಿದ ದಿನ ಮಕ್ಕಳು ಮೊದಮೊದಲು ಹೆಚ್ಚು ಚೀಪಿದ್ವು, ಒಟ್ಟಾರೆ ಹಾಲು ಕುಡಿದಿದ್ದು ಮಾತ್ರ ಕಡಿಮೆ. ಯಾಕೆ ಅಂತ ಆಮೇಲೆ 2005ರಲ್ಲಿ ಗೊತ್ತಾಯ್ತು. ಮಗು ಚೀಪಿದಾಗ ತಾಯಿ ತಲೇಲಿ ಆಕ್ಸಿಟೋಸಿನ್ ಅನ್ನೋ ರಸ ಸುರಿಯುತ್ತೆ, ಅದೇ ಹಾಲನ್ನ ತೊರೆಸೋದು. ಮದ್ಯ ಆ ರಸಾನ ತಗ್ಗಿಸುತ್ತೆ. ಎದೆ ಬಿಗಿದು ತುಂಬಿದ ಹಾಗಿರುತ್ತೆ, ಹಾಲು ಇದೆ ಅನ್ಸುತ್ತೆ, ಮಗು ಬಾಯಿಗೆ ಮಾತ್ರ ಇಳಿಯಲ್ಲ.

ಬಾಣಂತಿ: ಅಜ್ಜಿ, ಕೇಳಿಸ್ಕೊಂಡ್ಯಾ? ರಾತ್ರಿ ಹತ್ತು ಗಂಟೆ ಹಾಲಿಗೆ ಇವನು ಎಳೆದೂ ಎಳೆದೂ ಅಳ್ತಾನೆ. ನೀನು ದೃಷ್ಟಿ ಆಗೈತೆ ಅಂತ ದಿನಾ ನೀವಳಿಸ್ತಿದ್ದೆ.

ಅಜ್ಜಿ: ... ಹೂಂ. ಬೆಳಗ್ಗೆ ಹೊತ್ತು ಸುಮ್ನೆ ಕುಡೀತಾನೆ.

ಸಿಸ್ಟರ್: ಮಗು ಅಳೋಕೆ ನೂರು ಕಾರಣ ಇರುತ್ತೆ. ಇದೇ ಅಂತ ನಾನು ಆಣೆ ಮಾಡಲ್ಲ. ನಿಲ್ಲಿಸಿ ನೋಡಿ. ಹಾಲು ಬರಲಿ ಅಂತ ಊಟಕ್ಕೆ ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಹಾಕ್ತಿದ್ದೀರಲ್ಲ, ಅದು ಒಳ್ಳೇದು. ಮಗುವನ್ನ ಕೇಳಿದಾಗೆಲ್ಲ ಎದೆಗೆ ಹಾಕ್ಕೊಳ್ಳೋದು ಅದಕ್ಕಿಂತ ಮುಖ್ಯ. ನೀರು ಮಾತ್ರ ತಡೀಬೇಡಿ. ಬಾಣಂತಿಗೆ ನೀರು ಕೊಡಬಾರದು ಅಂತ ಅರ್ಧ ಲೋಟ ಅಳೆದು ಕೊಡ್ತೀರಿ, ಬ್ರಾಂದಿ ಅಳೀದೇ ಕೊಡ್ತೀರಿ. ನಂಗೆ ಇದು ಸಂಕಟ.

ಬಾಣಂತಿ: ಸಿಸ್ಟರ್, ಒಂದು ಕೇಳ್ತೀನಿ, ಬೈಬೇಡಿ. ಬೆಂಗಳೂರಲ್ಲಿ ನಾನೂ ನಮ್ಮೋರೂ ಯಾವಾಗಾದ್ರೂ ಒಮ್ಮೆ ಹೊರಗೆ ಊಟಕ್ಕೆ ಹೋದಾಗ ಬಿಯರ್ ತಗೋತಿದ್ವಿ. ಬಸುರಿ ಅಂತ ಗೊತ್ತಾದ ಮೇಲೆ ಮುಟ್ಟಿಲ್ಲ. ಮುಂದೆ ಹೋದ ಮೇಲೆ...

ಅಜ್ಜಿ: ಏನಂದೆ? ಹೆಣ್ಣು ಹುಡುಗಿ ಬಾರಿನಲ್ಲಿ ಕೂತು ಬಿಯರ್ ಕುಡೀತೀಯಾ? ನಿಮ್ಮಪ್ಪಂಗೆ ಗೊತ್ತೈತಾ? ಕರ್ಮ ಕರ್ಮ!

ಬಾಣಂತಿ: ನೀನು ದಿನಾ ಲಾರ್ಜ್ ಕೊಡ್ತಿದ್ದೀಯಲ್ಲ ಅಜ್ಜಿ.

ಅಜ್ಜಿ: ಅದು ಔಷಧಿ ಕಣೇ!

ಸಿಸ್ಟರ್: ಅಜ್ಜಿ, ಸಿಟ್ಟು ಮಾಡ್ಕೋಬೇಡಿ. ಬಾಟ್ಲಿ ಒಳಗಿರೋದು ಒಂದೇ. ಯಾರು ಕೊಟ್ರು, ಯಾವ ಕೋಣೇಲಿ ಕುಡಿದ್ರು, ಯಾತಕ್ಕೆ ಕುಡಿದ್ರು ಅನ್ನೋದು ಹಾಲಿಗೆ ಗೊತ್ತಾಗಲ್ಲ. ಎಷ್ಟು ಕುಡಿದ್ರು, ಎಷ್ಟು ಹೊತ್ತಾಯ್ತು, ಇಷ್ಟೇ ಅದರ ಲೆಕ್ಕ. ಅವಳು ಬಾಯಿಬಿಟ್ಟು ಕೇಳಿದ್ದು ನಂಗೆ ಖುಷಿ. ಕೇಳೋ ಹುಡುಗೀನ ಬೈದು ಬಾಯಿ ಮುಚ್ಚಿಸಿದ್ರೆ, ಮುಂದೆ ಕೇಳದೇ ಮಾಡ್ತಾಳೆ.

ಅಜ್ಜಿ: ಸರಿ ಹೇಳವ್ವ, ನಾನು ಬಾಯಿ ಬಿಡಲ್ಲ.

ಸಿಸ್ಟರ್: ಮೊದಲ ಮಾತು, ಕುಡೀದೇ ಇರೋದೇ ಎಲ್ಲಕ್ಕಿಂತ ಒಳ್ಳೇದು. ಇಷ್ಟು ಕುಡಿದ್ರೆ ಏನೂ ಆಗಲ್ಲ ಅಂತ ಗೀಟು ಎಳೆಯೋಕೆ ಯಾರ ಕೈಲೂ ಆಗಿಲ್ಲ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅದನ್ನೇ ಹೇಳ್ತು. ಅದರಲ್ಲೂ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಮಗು ದೊಡ್ಡದಾಗಿ, ಗಂಜಿ, ಮುದ್ದೆ ಉಣ್ಣೋಕೆ ಶುರುಮಾಡಿ, ಎರಡು ಹಾಲಿನ ನಡುವೆ ಅಂತರ ಬಂದ ಮೇಲೆ ಯಾವತ್ತೋ ಒಂದಿನ ಕುಡಿಯೋದೇ ಆದ್ರೆ, ಮಗುಗೆ ಹೊಟ್ಟೆ ತುಂಬ ಕುಡಿಸಿ, ಆಮೇಲೆ ಊಟದ ಜೊತೆ ತಗೋ. ಸಣ್ಣ ಬಿಯರ್ ಬಾಟ್ಲಿ, 330 ಎಂ.ಎಲ್., ನೂರಕ್ಕೆ ಐದು ಪಾಲಿನದು, ನಿನ್ನ ತೂಕಕ್ಕೆ ಎರಡೂವರೆ ಗಂಟೆ ಕಾಯಬೇಕು. ದೊಡ್ಡ ಬಾಟ್ಲಿ, 650ರದ್ದು, ಐದು ಗಂಟೆ. ಅದೇ ದೊಡ್ಡ ಬಾಟ್ಲಿ ಸ್ಟ್ರಾಂಗ್ ಅಂತ ಬರೆದಿರೋದು, ನೂರಕ್ಕೆ ಎಂಟು ಪಾಲಿದ್ರೆ ಎಂಟು ಗಂಟೆ ಹತ್ತಿರ. ಊರಲ್ಲಿ ನೈಂಟಿ ಅಂತಾರಲ್ಲ, ಆ ತೊಂಬತ್ತು ಎಂ.ಎಲ್. ಪ್ಯಾಕೆಟ್ಟಿಗೆ ಆರು ಗಂಟೆ. ಕ್ವಾರ್ಟರ್ ಆದ್ರೆ ಇಡೀ ರಾತ್ರಿ ಸಾಲದು, ಹನ್ನೊಂದು ಹನ್ನೆರಡು ಗಂಟೆ. ಇನ್ನು ಕಳ್ಳಭಟ್ಟಿಗೆ ಲೆಕ್ಕವೇ ಇಲ್ಲ, ಅದರಲ್ಲಿ ಎಷ್ಟಿದೆ, ಏನಿದೆ ಅಂತ ಕಾಯಿಸಿದವನಿಗೂ ಗೊತ್ತಿರಲ್ಲ.

ಬಾಣಂತಿ: ಅಷ್ಟರಲ್ಲಿ ಅವನು ಎದ್ದು ಅತ್ರೆ?

ಸಿಸ್ಟರ್: ಮುಂಚೆನೇ ಹಾಲು ಹಿಂಡಿ ಫ್ರಿಜ್‌ನಲ್ಲಿ ಇಟ್ಟಿರು, ಮುಚ್ಚಿಟ್ರೆ ನಾಲ್ಕು ದಿನ ಇರುತ್ತೆ. ಕುದಿಸಿದ ಒಳಲೇಲೋ ಚಮಚದಲ್ಲೋ ಕುಡಿಸಬಹುದು. ಒಂದೇ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಇದು ಎಲ್ಲಕ್ಕಿಂತ ಹೆಚ್ಚು. ಕುಡಿದ ರಾತ್ರಿ ಮಗುವನ್ನ ಪಕ್ಕದಲ್ಲಿ ಮಲಗಿಸ್ಕೋಬೇಡ. ಹಾಲಿಂದ ಹೋಗೋ ಹನಿಗಿಂತ ನನಗೆ ಜಾಸ್ತಿ ಭಯ ಇದರದ್ದು. ನಮ್ಮ ಮನೆಗಳಲ್ಲಿ ತಾಯಿ ಮಗು ಒಂದೇ ಚಾಪೆ, ಒಂದೇ ಕಂಬಳಿ. ಬೇರೆ ದಿನ ತಾಯಿಗೆ ನಿದ್ದೇಲೂ ಮಗು ಮೇಲೆ ನಿಗಾ ಇರುತ್ತೆ. ಕುಡಿದಾಗ ಆ ನಿಗಾ ಹೋಗುತ್ತೆ. ಕೈ ಮೇಲೆ ಬಿದ್ರೂ, ಕಂಬಳಿ ಮುಖಕ್ಕೆ ಬಂದ್ರೂ ಗೊತ್ತಾಗಲ್ಲ. ಹಸಿಗೂಸಿಗೆ ತಾನೇ ಹೊರಳೋಕೆ ಬರಲ್ಲ. ಅಜ್ಜಿ, ನೀವು ಬ್ರಾಂದಿ ಕೊಟ್ಟು ಮಲಗಿಸ್ತಿದ್ರಲ್ಲ, ಮಗು ಎಲ್ಲಿರ್ತಿತ್ತು?

ಅಜ್ಜಿ: ಅವಳ ಮಗ್ಗುಲಲ್ಲೇ.

ಸಿಸ್ಟರ್: ಇದು ಅಪ್ಪಂದಿರಿಗೂ ಹೊಂದುತ್ತೆ, ಮಾವಂದಿರಿಗೂ ಹೊಂದುತ್ತೆ. ಯಾರೇ ಕುಡಿದು ಬರಲಿ, ಅವರ ಹಾಸಿಗೇಲಿ ಕೂಸು ಇರಬಾರದು. ಮತ್ತೆ, ಮಗುವಿಗೆ ಶೀತ ಅಂತ ಬ್ರಾಂದಿ ಹನಿ ನಾಲಿಗೆಗೆ ಹಚ್ಚಿದ್ದೀರಾ? ನಿಜ ಹೇಳಿ.

ಅಜ್ಜಿ: ಇಲ್ಲವ್ವ, ದೇವರಾಣೆ. ಎದೆಗೆ ಸವರೋಣ ಅಂತಿದ್ದೆ. ಗ್ರೈಪ್ ವಾಟರ್ ಒಂದೆರಡು ಸಲ ಕೊಟ್ಟೀನಿ.

ಸಿಸ್ಟರ್: ಸವರೋದೂ ಬೇಡ, ಎಳೆ ಚರ್ಮ ಹೀರ್ಕೊಳ್ಳುತ್ತೆ. ಮದ್ಯ ಕೂಸಿನ ರಕ್ತದಲ್ಲಿ ಸಕ್ಕರೆ ಅಂಶ ಇಳಿಸುತ್ತೆ, ಫಿಟ್ಸ್ ಬರಬಹುದು. ಗ್ರೈಪ್ ವಾಟರ್ ಅಂದ್ರಲ್ಲ, 1851ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನ ಶುರುಮಾಡಿದಾಗ ಅದರಲ್ಲೂ ಮದ್ಯಸಾರ ಇತ್ತು, ಮಕ್ಕಳು ಸುಮ್ಮನಾಗ್ತಿದ್ದದ್ದಕ್ಕೆ ಅದೂ ಒಂದು ಕಾರಣ. ಈಗಿನದ್ದರಲ್ಲಿ ಇಲ್ಲ. ಆದ್ರೂ ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ, ನೀರೂ ಬೇಡ.

ಅಜ್ಜಿ: ದಶಮೂಲಾರಿಷ್ಟ ತರಿಸಿದ್ದೆ ಇವಳಿಗೆ. ಅದೂ ಬೇಡವಾ?

ಸಿಸ್ಟರ್: ಅರಿಷ್ಟ ಹುದುಗಿ ಆಗೋ ಔಷಧಿ, ಅದರಲ್ಲೂ ಮದ್ಯಸಾರ ತಾನಾಗೇ ಹುಟ್ಟುತ್ತೆ. ಎಷ್ಟು ಅಂತ ಲೇಬಲ್ ಮೇಲೆ ಬರೆದಿರ್ತಾರೆ. ಬ್ರಾಂದಿಯಷ್ಟಿಲ್ಲ, ಕುಡಿಯೋ ಅಳತೇನೂ ಚಿಕ್ಕದು. ಆಯುರ್ವೇದ ಡಾಕ್ಟರ್ ಹತ್ರ, ಹಾಲುಣಿಸೋ ಬಾಣಂತಿ ಅಂತ ಹೇಳಿ ಕೇಳಿ ಕೊಡಿ, ಅಂಗಡಿಯವನ ಮಾತಿನ ಮೇಲೆ ಬೇಡ.

ಬಾಣಂತಿ: ಸಿಸ್ಟರ್, ನಂಗೆ ನಿಜವಾಗ್ಲೂ ಬ್ರಾಂದಿ ಬೇಕಾಗಿರಲಿಲ್ಲ. ಹೊಲಿಗೆ ನೋವು, ಸೊಂಟ ನೋವು, ರಾತ್ರಿ ನಿದ್ದೆ ಇಲ್ಲ. ಅದನ್ನ ಕುಡಿದ್ರೆ ಎರಡು ಗಂಟೆ ಕಣ್ಣು ಮುಚ್ಚುತ್ತೆ. ಅದಕ್ಕೇ ಬೇಡ ಅನ್ನಲಿಲ್ಲ.

ಸಿಸ್ಟರ್: ಈ ಮಾತಿಗೇ ಕಾಯ್ತಿದ್ದೆ ನಾನು. ನನ್ನ ಸರ್ವೀಸಲ್ಲಿ ಎಷ್ಟು ಮನೆ ನೋಡಿಲ್ಲ! ಒಬ್ಬಳಿದ್ಲು, ಹೆತ್ತು ತಿಂಗಳಿಗೇ ಅಡಿಕೆ ಸುಲಿಯೋಕೆ ಕೂತವಳು, ರಾತ್ರಿಯೆಲ್ಲ ಕತ್ತಿಮಣೆ ಮುಂದೆ ಕೂತು ಬೆನ್ನು ಹಿಡ್ಕೊಂಡಾಗ ಗಂಡನ ಪ್ಯಾಕೆಟ್ಟಲ್ಲಿ ಎರಡು ಗುಟುಕು ಕುಡಿದವಳು. ನೋವಿಗೆ ಅಂತ ಶುರುವಾಗಿದ್ದು ದಿನಾ ಬೇಕು ಅನ್ನೋವರೆಗೆ ಹೋಯ್ತು. ನಾವು ಬಂದ್ರೆ ಬಾಯಿಗೆ ಸೆರಗು ಹಿಡಿಯೋಳು. ಅವಳ ಮಗು ತೂಕ ಏರ್ತಿರಲಿಲ್ಲ, ಯಾವಾಗ ನೋಡಿದ್ರೂ ಮಂಪರು. ಅವಳ ಅತ್ತೆ ಬೈದ್ಲು, ಗಂಡ ಹೊಡೆದ, ಊರೋರು ಆಡ್ಕೊಂಡ್ರು. ನಿನಗೆ ಎಲ್ಲಿ ನೋವು ಅಂತ ಯಾರೂ ಕೇಳಲಿಲ್ಲ.

ಅಜ್ಜಿ: ಆಮೇಲೇನಾತು?

ಸಿಸ್ಟರ್: ಆಸ್ಪತ್ರೆಗೆ ಸೇರಿಸಿದ್ವಿ, ಸರಿಹೋದ್ಲು. ದಿನಾ ಹೆಚ್ಚು ಕುಡಿಯೋ ಅಭ್ಯಾಸ ಆದವರು ಒಮ್ಮೆಲೇ ಮನೇಲೇ ನಿಲ್ಲಿಸಬಾರದು ಅಜ್ಜಿ. ಕೈಕಾಲು ನಡುಕ, ಫಿಟ್ಸ್ ಬರುತ್ತೆ. ಡಾಕ್ಟರ್ ನೋಡಿಯೇ ನಿಲ್ಲಿಸಬೇಕು. 14446ಕ್ಕೆ ಫೋನ್ ಮಾಡಿದ್ರೆ ಕುಡಿತ ಬಿಡೋಕೆ ದಾರಿ ಹೇಳ್ತಾರೆ. ಮನಸ್ಸಿಗೆ ಕಷ್ಟ ಆದ್ರೆ ಟೆಲಿ ಮಾನಸ್, 14416. ಎರಡಕ್ಕೂ ದುಡ್ಡಿಲ್ಲ.

ಬಾಣಂತಿ: ನನ್ನ ನೋವಿಗೆ ಏನು ಮಾಡಲಿ?

ಸಿಸ್ಟರ್: ಪ್ಯಾರಸಿಟಮಾಲ್ ಕೊಟ್ಟಿದ್ದಾರಲ್ಲ, ಹೇಳಿದಷ್ಟು ತಗೋ, ಹಾಲುಣಿಸೋರಿಗೆ ಅದು ತೊಂದರೆ ಇಲ್ಲ. ಆ ಮಾತ್ರೆ ಜೊತೆ ದಿನಾ ಬ್ರಾಂದಿ ಸೇರಿದ್ರೆ ಲಿವರ್‌ಗೆ ಪೆಟ್ಟು. ಮೆಟ್ರೊನಿಡಜೋಲ್ ಅಂತ ಇನ್ನೊಂದು ಮಾತ್ರೆ ಹೆರಿಗೆ ಆದ ಮೇಲೆ ಕೊಡ್ತಾರೆ, ಅದರ ಮೇಲೆ ಮದ್ಯ ಕುಡಿದ್ರೆ ವಾಂತಿ, ಎದೆ ಡವಡವ ಬರಬಹುದು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಆರು ತಿಂಗಳು ಬಿಡಬೇಡ. ಇನ್ನು ನಿದ್ದೆ. ಅದು ನಿಮ್ಮ ಕೈಲಿದೆ ಅಜ್ಜಿ.

ಅಜ್ಜಿ: ನನ್ನ ಕೈಲಾ?

ಸಿಸ್ಟರ್: ನೀವು ಎಣ್ಣೆ ಹಚ್ಚಿ ಬಿಸಿನೀರು ಹಾಕ್ತೀರಲ್ಲ, ಸೊಂಟ ಕಟ್ತೀರಲ್ಲ, ನಲವತ್ತು ದಿನ ಒಂದು ಕಡ್ಡಿ ಎತ್ತೋಕೆ ಬಿಡಲ್ವಲ್ಲ, ಅಂಥ ಬಾಣಂತನ ಯಾವ ಆಸ್ಪತ್ರೇಲೂ ಸಿಗಲ್ಲ. ಅದನ್ನ ಬಿಡಬೇಡಿ. ಮಗು ರಾತ್ರಿ ಹಾಲು ಕುಡಿದ ಮೇಲೆ ನೀವು ಎತ್ಕೊಂಡು ತೇಗು ಬರಿಸಿ, ಬಟ್ಟೆ ಬದಲಾಯಿಸಿ. ಅವಳು ಮಲಗಲಿ. ಮಧ್ಯಾಹ್ನ ನೋಡೋಕೆ ಬಂದ ನೆಂಟರನ್ನ ಹೊರಗೇ ಕೂರಿಸಿ, ಎರಡು ಗಂಟೆ ಬಾಗಿಲು ಹಾಕಿ.

ಅಜ್ಜಿ: ಅಷ್ಟು ಮಾಡ್ತೀನಿ ಬಿಡವ್ವ. ಈ ಬಾಟ್ಲಿ ಏನು ಮಾಡ್ಲಿ? ಅರ್ಧ ಐತೆ, ದುಡ್ಡು ಕೊಟ್ಟು ತಂದಿದ್ದು.

ಸಿಸ್ಟರ್: ಬಚ್ಚಲಿಗೆ ಸುರೀರಿ. ಮನೇಲಿದ್ರೆ ನಾಳೆ ಒಂದು ಸೀನು ಬಂದ ಕೂಡ್ಲೇ ಕೈ ಅದಕ್ಕೇ ಹೋಗುತ್ತೆ. ಆಶಾ ಕಾರ್ಯಕರ್ತೆ ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಬರ್ತಾಳೆ, ಅವಳ ಹತ್ರ ಏನನ್ನೂ ಮುಚ್ಚಿಡಬೇಡಿ. ಮಧ್ಯರಾತ್ರಿ ಏನಾದ್ರೂ ಅನುಮಾನ ಬಂದ್ರೆ 104ಕ್ಕೆ ಫೋನ್ ಮಾಡಿ ಕೇಳಿ. ಮಗು ಎಬ್ಬಿಸಿದ್ರೂ ಏಳದೇ ಇದ್ರೆ, ಎದೆಗೆ ಹಾಕಿದ್ರೂ ಚೀಪದೇ ಇದ್ರೆ, ಮೈ ತಣ್ಣಗಿದ್ರೆ, ಫಿಟ್ಸ್ ಬಂದ್ರೆ ಕೇಳ್ತಾ ಕೂರಬೇಡಿ, 108 ಕರೆಸಿ. ಅವತ್ತು ತಾಯಿ ಏನಾದ್ರೂ ಕುಡಿದಿದ್ರೆ ನಾಚಿಕೆ ಪಡದೇ ಡಾಕ್ಟರ್‌ಗೆ ಹೇಳಿ. ಅದು ಗೊತ್ತಾದ್ರೆ ಮಗುವಿಗೆ ಯಾವ ಚಿಕಿತ್ಸೆ ಬೇಕು ಅಂತ ಅವರಿಗೆ ಬೇಗ ಗೊತ್ತಾಗುತ್ತೆ.